ಪಟಪಟ ಇಂಡಿಕೇಟರ್: ನಂಬಿ ದಾಟೋರ ಗತಿಯೇನು?

ಸಂಜೆ ಆರೂವರೆ ಹೊತ್ತಿಗೆ ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಬಾಲಕ್ಕೆ ಬಗೆಬಗೆಯ ದೀಪ ಸಿಕ್ಕಿಸಿಕೊಂಡ ಕಾರುಗಳು ಕಣ್ಣಿಗೆ ಬೀಳುತ್ತವೆ. ಕಂಪನಿ ಕೊಟ್ಟ ಬಲ್ಬು ಕಿತ್ತು ಎಲ್‌ಇಡಿ ಹಾಕಿಸಿದ್ದಾಯ್ತು, ಮೇಲೆ ಕಪ್ಪು ಫಿಲ್ಮ್ ಅಂಟಿಸಿದ್ದೂ ಆಯ್ತು. ತಿರುಗುವಾಗ ಮಾತ್ರ ಇಂಡಿಕೇಟರ್ ಜ್ವರ ಬಂದವನ ನಾಡಿಯ ಹಾಗೆ ಪಟಪಟ ಹೊಡೆದುಕೊಳ್ಳುತ್ತದೆ. ಮಾಲೀಕರಿಗೆ ಅದೂ ಒಂದು ಶೋಕಿ!

ಶೋಕಿ ಅವರದು, ಪ್ರಾಣ ಯಾರದು? ಬಸ್ಸಿಳಿದು ರಸ್ತೆ ದಾಟುವವರು, ಅಂಗಡಿ ಶಟರ್ ಎಳೆದು ಸ್ಕೂಟರಿನಲ್ಲಿ ಮನೆಗೆ ಹೊರಟವರು ಆ ಹಳದಿ ದೀಪ ನಂಬಿಯೇ ಮುಂದಡಿ ಇಡಬೇಕು. ಮುಂದಿನ ಗಾಡಿ ಎಡಕ್ಕೆ ಹೊರಳುತ್ತದೋ, ಅಲಂಕಾರದ ದೀಪ ಕುಣಿಯುತ್ತಿದೆಯೋ ಅಂತ ಯೋಚನೆ ಮಾಡುವಷ್ಟರಲ್ಲಿ ಗಾಡಿ ಮೈಮೇಲೆ ಬಂದಿರುತ್ತದೆ.

ಹೀಗೇಕಾಗುತ್ತದೆ? ಲೆಕ್ಕ ಸರಳ. ಹಳೇ ಇಂಡಿಕೇಟರ್ ಬಲ್ಬು 21 ವ್ಯಾಟಿನದು. 12 ವೋಲ್ಟಿನ ಬ್ಯಾಟರಿಯಿಂದ ಒಂದೊಂದು ಬಲ್ಬು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಎಲ್‌ಇಡಿ ಎಳೆಯುವುದು ಅದರಲ್ಲಿ ಸಣ್ಣ ಪಾಲು. ದೀಪ ಮಿಣುಕಿಸುವ ಫ್ಲ್ಯಾಷರ್ ಇಷ್ಟು ಕಡಿಮೆ ಕರೆಂಟ್ ಕಂಡ ಕೂಡಲೇ ‘ಒಂದು ಬಲ್ಬು ಹೋಯ್ತು’ ಅಂತ ತಿಳಿದು ಬೇಗಬೇಗ ಬಡಿದುಕೊಳ್ಳುತ್ತದೆ. ಡ್ರೈವರಿಗೆ ಎಚ್ಚರಿಕೆ ಕೊಡಲೆಂದೇ ಕಂಪನಿಯವರು ಮಾಡಿಟ್ಟ ವ್ಯವಸ್ಥೆ ಅದು. ಗಾಡಿ ಕೂಗಿ ಹೇಳುತ್ತಿದ್ದರೂ ಯಜಮಾನರು ಟೇಪ್ ಹಾಕಿಕೊಂಡು ಹೊರಟರೆ ಏನನ್ನೋಣ?

ಕಾಯಿದೆ ಇಲ್ಲವೇ ಅಂದರೆ, ಧಾರಾಳವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಡಿಕೇಟರ್ ಹಳದಿ ಬಣ್ಣದ್ದಿರಬೇಕು. ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ, 120 ಮೀರದೆ ಮಿಣುಕಬೇಕು. 2019ರಲ್ಲಿ ತಿದ್ದಿದ ಕಾಯಿದೆಯಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆಗೂ ಅವಕಾಶವಿದೆ. ಆದರೆ ನೋಡೋರ್ಯಾರು? ಬಾಡಿಗೆ ಗಾಡಿಯಾದರೆ ಎಫ್‌ಸಿಗೆ ಹೋಗಲೇಬೇಕು. ಸ್ವಂತ ಕಾರಿಗೆ ಒಮ್ಮೆ ರಿಜಿಸ್ಟ್ರೇಷನ್ ಆದರೆ 15 ವರ್ಷ ಕೇಳುವವರೇ ಇಲ್ಲ.

ರಿಪೇರಿ ದೊಡ್ಡ ವಿದ್ಯೆಯೇನಲ್ಲ. ಬೇರೆ ಫ್ಲ್ಯಾಷರ್ ರಿಲೇ ಇರುವ ಗಾಡಿಯಾದರೆ ಎಲ್‌ಇಡಿಗೆಂದೇ ಬರುವ ರಿಲೇ ಹಾಕಿದರೆ ಮುಗೀತು. ಹೊಸ ಕಾರುಗಳಲ್ಲಿ ಈ ಕೆಲಸ ಒಳಗಿನ ಕಂಪ್ಯೂಟರ್ ಪೆಟ್ಟಿಗೆಗೆ ಸೇರಿರುವುದರಿಂದ ರಿಲೇ ಬದಲಿಸಲು ಬರುವುದಿಲ್ಲ. ಅಂಥವಕ್ಕೆ ಬಲ್ಬಿನ ತಂತಿಗೂ ಅರ್ಥಿಗೂ ನಡುವೆ 6 ಓಮ್, 50 ವ್ಯಾಟಿನ ರೆಸಿಸ್ಟರ್ ಕೊಡುವುದು ವಾಡಿಕೆ. ಇದು ಸುಮಾರು ಎರಡು ಆಂಪಿಯರ್ ಎಳೆದು ಹಳೇ ಬಲ್ಬಿನ ಪಾತ್ರ ವಹಿಸುತ್ತದೆ.

ಎಡವಟ್ಟು ಇರೋದು ಇಲ್ಲೇ. ಈ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ. ಅದನ್ನು ತಗಡಿಗೆ ಸ್ಕ್ರೂ ಹಾಕಿ ಕೂರಿಸಬೇಕು. ಎಷ್ಟೋ ಕಡೆ ಪ್ಲಾಸ್ಟಿಕ್ ದೀಪದ ಬೆನ್ನಿಗೇ ಟೇಪ್ ಸುತ್ತಿ ಕೈ ತೊಳೆದುಕೊಳ್ಳುತ್ತಾರೆ. ಹೆದ್ದಾರಿ ಪಕ್ಕ ಗಾಡಿ ಕೆಟ್ಟು ಅರ್ಧ ಗಂಟೆ ನಾಲ್ಕೂ ಇಂಡಿಕೇಟರ್ ಉರಿಸಿಟ್ಟರೆ ಪ್ಲಾಸ್ಟಿಕ್ ಕರಗಿ ವೈರು ಸುಟ್ಟೀತು.

ಇನ್ನೊಂದು ವಿಷಯವನ್ನು ಮೆಕ್ಯಾನಿಕ್ ಹೇಳೋದೇ ಇಲ್ಲ. ರೆಸಿಸ್ಟರ್ ಕೂರಿಸಿದ ಮೇಲೆ ಎಲ್‌ಇಡಿ ಸತ್ತರೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಹಿಂದಿನ ದೀಪ ಕತ್ತಲಾಗಿದ್ದರೂ ಒಳಗೆ ಟಿಕ್‌ಟಿಕ್ ಸದ್ದು ಸರಿಯಾಗಿಯೇ ಕೇಳುತ್ತದೆ. ಎಲ್‌ಇಡಿ ರಿಲೇ ಹಾಕಿದವರಿಗೂ ಸಾಮಾನ್ಯವಾಗಿ ಇದೇ ಪಾಡು. ಪಟಪಟ ನಿಂತಿತು, ಅದರ ಜೊತೆಗೆ ಎಚ್ಚರಿಕೆಯೂ ಹೋಯಿತು! ಅಂಥವರು ವಾರಕ್ಕೊಮ್ಮೆ ಇಳಿದು ಗಾಡಿ ಸುತ್ತ ಬಂದು ಕಣ್ಣಾರೆ ನೋಡಲೇಬೇಕು.

ಆದ್ದರಿಂದ ಕಂಪನಿ ದೀಪ ಚೆನ್ನಾಗಿರುವಾಗ ಅದನ್ನು ಮುಟ್ಟದಿರುವುದೇ ಜಾಣತನ. ಹಾಕಿಸಲೇಬೇಕೆನ್ನುವವರು ದುಡ್ಡು ಕೊಡುವ ಮುಂಚೆ ಗಡಿಯಾರ ಹಿಡಿದು ಹತ್ತು ಸೆಕೆಂಡ್ ಎಣಿಸಲಿ. ಹತ್ತರಿಂದ ಇಪ್ಪತ್ತು ಸಲ ಮಿಣುಕಿದರೆ ಸರಿ, ಅದಕ್ಕಿಂತ ಹೆಚ್ಚಾದರೆ ಗಾಡಿ ಅಂಗಡಿಯಲ್ಲೇ ಇರಲಿ. ದೀಪ ಮಾರುವ ಅಂಗಡಿಯವರೂ ‘ನಮ್ಮ ಕೆಲಸ ಮಾರೋದಷ್ಟೇ’ ಅನ್ನದೆ ಎಣಿಸಿ ತೋರಿಸಿ ಕಳಿಸಲಿ. ಇನ್ನು ಪೊಲೀಸರು, ಸಾರಿಗೆ ಇಲಾಖೆಯವರು. ಹೆಲ್ಮೆಟ್ ಹಿಡಿಯಲು ನಿಲ್ಲುವ ಜಾಗದಲ್ಲೇ ನಿಂತು ವಾರಕ್ಕೊಂದು ಸಂಜೆ ಕಾರುಗಳ ಬಾಲದ ಕಡೆಗೂ ಕಣ್ಣು ಹಾಯಿಸಲಿ. ಅದಕ್ಕೆ ಹೊಸ ಕಾಯಿದೆಯೂ ಬೇಡ, ಹೊಸ ಅನುದಾನವೂ ಬೇಡ.