ಸೈಕಲ್ಲಿಗೂ ಅಳತೆ ಬೇಕ್ರೀ!

ಸೈಕಲ್ ಅಂಗಡಿಯಲ್ಲಿ ‘ಫಿಟಿಂಗ್’ ಎಂದರೆ ವಿಜಯಪುರದ ಕಡೆ ಒಂದೇ ಅರ್ಥ. ಡಬ್ಬಿಯಲ್ಲಿ ಬಂದ ಬಿಡಿ ಭಾಗಗಳನ್ನು ಜೋಡಿಸಿ, ಚೈನು ಏರಿಸಿ, ಬ್ರೇಕು ಹಿಡಿಯುವಂತೆ ಮಾಡಿ, ಗಾಳಿ ಹೊಡೆದು ಗಿರಾಕಿಯ ಕೈಗೆ ಕೊಡುವುದು. ಅದಕ್ಕೊಂದು ಚಾರ್ಜು. ಅಲ್ಲಿಗೆ ಗಾಲಿ ಫ್ರೇಮಿಗೆ ಫಿಟ್ ಆಯಿತು, ಹ್ಯಾಂಡಲ್ ಪೈಪಿಗೆ ಫಿಟ್ ಆಯಿತು. ಆದರೆ ಹತ್ತಿ ತುಳಿಯುವ ಮನುಷ್ಯನಿಗೆ ಸೈಕಲ್ ಫಿಟ್ ಆಯಿತೋ ಇಲ್ಲವೋ? ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಇನ್ನೂರು ರೂಪಾಯಿ ಬಟ್ಟೆಗೆ ಅಂಗಿ ಹೊಲಿಯುವ ದರ್ಜಿ ಎದೆ, ಭುಜ, ತೋಳು, ಕೊರಳು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಚಪ್ಪಲಿ ಅಂಗಡಿಯವ ಕಾಲಿಗೆ ಹಾಕಿಸಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಸಾವಿರಗಟ್ಟಲೆ ರೊಕ್ಕ ಕೊಟ್ಟು ತಂದು, ದಿನಾ ಮೈಲಿಗಟ್ಟಲೆ ತುಳಿಯುವ ಸೈಕಲ್ಲಿಗೆ ಮಾತ್ರ ಅಳತೆಯೇ ಇಲ್ಲ. ಇದೆಂಥ ನ್ಯಾಯ?

ದೊಡ್ಡ ಊರುಗಳಲ್ಲಿ ಇದೇ ಕೆಲಸಕ್ಕೆ ‘ಬೈಕ್ ಫಿಟ್’ ಎಂದು ಹೆಸರಿಟ್ಟು ಸಾವಿರಗಟ್ಟಲೆ ಫೀ ತೆಗೆದುಕೊಳ್ಳುತ್ತಾರೆ. ಶ್ರೀಮಂತರ ಶೋಕಿ ಎಂದು ಜನ ನಗುತ್ತಾರೆ. ಆದರೆ ವಿಜಯಪುರದವರು ನಗುವಂತಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳೆಂದರೆ ಸೈಕ್ಲಿಂಗ್ ಪಟುಗಳ ತವರು. ರಾಷ್ಟ್ರಮಟ್ಟದಲ್ಲಿ ಪದಕ ತಂದ ಎಷ್ಟೋ ಹುಡುಗ ಹುಡುಗಿಯರು ಈ ಕಡೆಯ ಹಳ್ಳಿಗಳವರು. ಜಾತ್ರೆಯಲ್ಲಿ ಕುಸ್ತಿಯ ಜೊತೆಗೆ ಸೈಕಲ್ ಪಂದ್ಯ ಇಡುವ ಸೀಮೆ ಇದು. ವೆಲೋಡ್ರೋಮ್ ಬೇಕೆಂದು ವರ್ಷಗಟ್ಟಲೆ ಕೇಳಿದ ಊರು ಇದು. ಇಂಥ ಊರಿನಲ್ಲಿ ಹುಡುಗನ ಕಾಲಿಗೆ ತಕ್ಕಂತೆ ಸೀಟು ಅಳೆದು ಕೊಡುವ ಅಂಗಡಿ ಬೀದಿಗೊಂದಾದರೂ ಇರಬೇಡವೇ?

ನೆಲಕ್ಕೆ ಕಾಲು ತಾಗಬೇಕಂತ!

ಎಲ್ಲ ತಪ್ಪಿನ ಮೂಲ ಒಂದು ಹಳೆಯ ನಂಬಿಕೆ. ‘ಸೀಟಿನ ಮ್ಯಾಲ ಕುಂತ್ರ ಎರಡೂ ಕಾಲು ನೆಲಕ್ಕ ಹತ್ತಬೇಕು’ ಎಂದು ಗಿರಾಕಿ ಹೇಳುತ್ತಾನೆ. ಅಂಗಡಿಯವ ಪಾನಾ ತೆಗೆದುಕೊಂಡು ಸೀಟು ಕೆಳಗಿಳಿಸುತ್ತಾನೆ. ಹೊಸದಾಗಿ ಕಲಿಯುವವರಿಗೆ, ವಯಸ್ಸಾದವರಿಗೆ ಇದು ಸರಿಯೇ. ಬೀಳುವ ಭಯ ಇರುವುದಿಲ್ಲ. ಆದರೆ ದಿನಾ ತುಳಿಯುವವನಿಗೆ ಇದೇ ಶತ್ರು. ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ತಗ್ಗಿದರೆ ಮೊಣಕಾಲು ಅತಿಯಾಗಿ ಮಡಚಿಕೊಂಡೇ ತುಳಿಯಬೇಕಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 3,600 ಸಲ ಮೊಣಕಾಲು ಮಡಚಿ ಬಿಚ್ಚುತ್ತದೆ. ಕೆಲವು ತಿಂಗಳಲ್ಲಿ ಚಿಪ್ಪಿನ ಮುಂದೆ ನೋವು ಶುರು. ಮನೆಯವರು ಎಣ್ಣೆ ತಿಕ್ಕುತ್ತಾರೆ, ಡಾಕ್ಟರು ಗುಳಿಗೆ ಕೊಡುತ್ತಾರೆ. ತಪ್ಪು ಸೀಟಿನದು ಎಂದು ಯಾರಿಗೂ ಹೊಳೆಯುವುದಿಲ್ಲ. ಕಡೆಗೆ ‘ಸೈಕಲ್ ತುಳದ್ರ ಮೊಣಕಾಲು ಹೋಗ್ತಾವ’ ಎಂಬ ಅಪವಾದ ಸೈಕಲ್ಲಿನ ಮೇಲೆ. ಸಾಲ ಮಾಡಿ ಮೋಟರ್ ಸೈಕಲ್ ತರುವುದು ಮುಂದಿನ ಅಧ್ಯಾಯ.

ಸೀಟು ಅತಿ ಎತ್ತರವಾದರೂ ಕಷ್ಟವೇ. ಪೆಡಲ್ ಮುಟ್ಟಲು ಸೊಂಟ ಆ ಕಡೆ ಈ ಕಡೆ ಓಲಾಡುತ್ತದೆ, ತೊಡೆ ಸವೆಯುತ್ತದೆ, ಮೊಣಕಾಲಿನ ಹಿಂದೆ ಸೆಳೆತ ಬರುತ್ತದೆ. ಹ್ಯಾಂಡಲ್ ದೂರವಿದ್ದರೆ ಕುತ್ತಿಗೆ, ಭುಜ ಹಿಡಿದುಕೊಳ್ಳುತ್ತವೆ. ಮೈಭಾರವೆಲ್ಲ ಅಂಗೈ ಮೇಲೆ ಬಿದ್ದರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಸೀಟಿನ ಮೂತಿ ಮೇಲೆದ್ದಿದ್ದರೆ ಕೂರುವ ಜಾಗವೇ ಮರಗಟ್ಟುತ್ತದೆ. ಒಂದೊಂದು ನೋವಿಗೂ ಒಂದೊಂದು ನಟ್ಟು ಕಾರಣ. ಅದನ್ನು ಗುರುತಿಸುವುದೇ ಫಿಟಿಂಗ್ ವಿದ್ಯೆ.

ಮಂತ್ರವೂ ಅಲ್ಲ, ಮಾಯವೂ ಅಲ್ಲ

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1967ರಲ್ಲಿಯೇ ಇಂಗ್ಲೆಂಡಿನ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದರು. ತೊಡೆಸಂದಿನಿಂದ ನೆಲದವರೆಗಿನ ಕಾಲಿನ ಒಳ ಅಳತೆಯ ಶೇಕಡಾ 109ರಷ್ಟು ದೂರ, ಕೆಳಗಿಳಿದ ಪೆಡಲಿನಿಂದ ಸೀಟಿನ ನೆತ್ತಿಗೆ ಇರಬೇಕು ಎಂಬುದು ಅವರ ಸೂತ್ರ. 1986, 1989 ಮತ್ತು 1990ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಇನ್ನೊಂದು ಸೂತ್ರವಿದೆ. ಕಾಲಿನ ಒಳ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ತಿರುಗುವ ನಡು ಅಚ್ಚಿನಿಂದ ಸೀಟಿನ ನೆತ್ತಿಯವರೆಗಿನ ಎತ್ತರ ಸಿಗುತ್ತದೆ. ಕಾಲಿನ ಅಳತೆ 80 ಸೆಂಟಿಮೀಟರ್ ಇದ್ದವನಿಗೆ 70.6 ಸೆಂಟಿಮೀಟರ್. ಇಷ್ಟು ಲೆಕ್ಕಕ್ಕೆ ಕಾಲೇಜು ಮೆಟ್ಟಿಲು ಹತ್ತಬೇಕಿಲ್ಲ, ಅಂಗಡಿಯ ಕ್ಯಾಲ್‌ಕ್ಯುಲೇಟರ್ ಸಾಕು.

ಲೆಕ್ಕವೂ ಬೇಡ ಎಂದರೆ ಹಿಮ್ಮಡಿ ಪರೀಕ್ಷೆ ಇದೆ. ಗಿರಾಕಿಯನ್ನು ಸೀಟಿನ ಮೇಲೆ ಕೂರಿಸಿ, ಸೈಕಲ್ ಹಿಡಿದುಕೊಂಡು, ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಡಿಸಬೇಕು. ಆಗ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗ ಪೆಡಲಿಗೆ ಇಟ್ಟರೆ ಮೊಣಕಾಲು ತಾನಾಗಿಯೇ ಅಷ್ಟಿಷ್ಟು ಮಡಚಿರುತ್ತದೆ. ಸುಮಾರು 25ರಿಂದ 35 ಡಿಗ್ರಿ ಮಡಚಿದರೆ ಚಲೋ ಎನ್ನುತ್ತಾರೆ ತಿಳಿದವರು. ಸೀಟು ಹಿಂದೆ ಮುಂದೆ ಸರಿಸಲು ಗೌಂಡಿಗಳ ತೂಗುಗುಂಡು ಸಾಕು. ಎರಡೂ ಪೆಡಲ್ ನೆಲಕ್ಕೆ ಸಮವಾಗಿದ್ದಾಗ, ಮುಂದಿನ ಮೊಣಕಾಲಿನಿಂದ ಇಳಿಬಿಟ್ಟ ದಾರ ಪೆಡಲಿನ ಅಚ್ಚಿನ ಹತ್ತಿರ ಬೀಳಬೇಕು. ಇದು ಕಲ್ಲಿನ ಮೇಲೆ ಕೆತ್ತಿದ ಶಾಸನವಲ್ಲ, ಶುರು ಮಾಡಲು ಒಂದು ಗುರುತು ಅಷ್ಟೇ. ಪ್ರತಿ ಮೈಯೂ ಬೇರೆ.

ವಿದೇಶದಲ್ಲಿ ಈಗ ಕ್ಯಾಮರಾ, ಕಂಪ್ಯೂಟರ್ ಬಂದಿವೆ. 2007ರಲ್ಲಿ ಅಮೆರಿಕದಲ್ಲಿ ಹುಟ್ಟಿದ ರೀಟೂಲ್ ಎಂಬ ಕಂಪನಿ, ಮೈಮೇಲೆ ಗುರುತು ಅಂಟಿಸಿ, ತುಳಿಯುತ್ತಿರುವಾಗಲೇ ಕೀಲುಗಳ ಕೋನ ಅಳೆಯುವ ಯಂತ್ರ ತಂದಿತು. ಅದು ಲಕ್ಷಗಳ ಮಾತು. ಆದರೆ ಯಂತ್ರ ಇಲ್ಲದ ಕಾಲದಲ್ಲೂ ದೊಡ್ಡವರು ಅಳತೆ ಬಿಟ್ಟಿರಲಿಲ್ಲ. ಐದು ಸಲ ಟೂರ್ ಗೆದ್ದ ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1969ರಲ್ಲಿ ಟ್ರ್ಯಾಕಿನಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ, ಸೀಟಿನ ಎತ್ತರವನ್ನು ಮತ್ತೆ ಮತ್ತೆ ಬದಲಿಸುತ್ತಲೇ ಇದ್ದ. ಜಗದೇಕ ವೀರನಿಗೇ ಅಷ್ಟು ಚಿಂತೆ ಇದ್ದರೆ ಪೇಪರ್ ಹಾಕುವ ಹುಡುಗನಿಗೆ ಇರಬಾರದೇ?

ರೊಕ್ಕ ಕೊಡೋರು ಯಾರ್ರೀ?

ಅಂಗಡಿಕಾರರ ಪ್ರಶ್ನೆ ಇದು. ‘ಗಿರಾಕಿ ಪಂಚರ್ ರೊಕ್ಕಕ್ಕ ಚೌಕಾಶಿ ಮಾಡ್ತಾನ. ಅಳತಿ ತಗೊಂಡ್ರ ರೊಕ್ಕ ಕೊಡ್ತಾನೇನ್ರೀ?’ ಪ್ರಶ್ನೆ ಸುಳ್ಳಲ್ಲ. ತಾಸಿನ ಬಾಡಿಗೆ ಸೈಕಲ್ ಕಾಲ ಮುಗಿಯಿತು. ಜನ ಮನೆಯಲ್ಲೇ ಕುಳಿತು ಫೋನಿನಲ್ಲಿ ಸೈಕಲ್ ತರಿಸುತ್ತಾರೆ. 1951ರಲ್ಲಿ ಶುರುವಾಗಿ ಮನೆಮಾತಾಗಿದ್ದ ಅಟ್ಲಾಸ್ ಕಂಪನಿಯೇ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಇನ್ನು ಗಲ್ಲಿಯ ಅಂಗಡಿ ಯಾವ ಲೆಕ್ಕ?

ಆದರೆ ಅಂಗಡಿ ಉಳಿಯುವ ದಾರಿಯೂ ಇದರಲ್ಲೇ ಇದೆ. ಫೋನಿನಲ್ಲಿ ಸೈಕಲ್ ಬರುತ್ತದೆ, ಅಳತೆ ಬರುವುದಿಲ್ಲ. ಡಬ್ಬಿ ಹೊತ್ತುಕೊಂಡು ಗಿರಾಕಿ ಕಡೆಗೂ ಬರುವುದು ಅದೇ ಗಲ್ಲಿಯ ಅಂಗಡಿಗೆ. ರೇಟಿನಲ್ಲಿ ದೊಡ್ಡ ಕಂಪನಿಯ ಜೊತೆ ಕುಸ್ತಿಗಿಳಿದರೆ ಚಿಕ್ಕ ಅಂಗಡಿ ಚಿತ್ತಾಗುವುದು ಖಂಡಿತ. ಕೈಯ ಕಸುಬಿನಲ್ಲಿ ಇಳಿದರೆ ಕಂಪನಿಯೇ ಚಿತ್.

ಮಾಡಬೇಕಾದ್ದು ಬಹಳವಿಲ್ಲ. ಒಂದು ಅಳತೆ ಟೇಪು, ತೂಗುಗುಂಡು, ಮಟ್ಟಗೋಲು, ದೊಡ್ಡ ಕೋನಮಾಪಕ, ಹಿಂದಿನ ಗಾಲಿ ಎತ್ತಿ ನಿಲ್ಲಿಸುವ ಸ್ಟ್ಯಾಂಡು. ಗಿರಾಕಿ ತುಳಿಯುವಾಗ ಪಕ್ಕದಿಂದ ಫೋನಿನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ಓಡಿಸಿ ನೋಡಬಹುದು. ದರ್ಜಿಯ ಹಾಗೆ ಹೆಸರು, ಅಳತೆ ಬರೆದಿಡಲು ಒಂದು ನೋಟ್‌ಬುಕ್. ರೇಟು ಬೋರ್ಡಿನ ಮೇಲೆ ಬರೆದಿರಬೇಕು: ಸಾದಾ ಸೈಕಲ್ಲಿಗೆ 50 ರೂಪಾಯಿ, ಗೇರ್ ಸೈಕಲ್ಲಿಗೆ 300, ಪಂದ್ಯದ ಸೈಕಲ್ಲಿಗೆ ಎರಡು ತಾಸು ಕುಳಿತು ನೋಡಿದರೆ ಸಾವಿರ. ಅಂಗಡಿಯಲ್ಲೇ ಕೊಂಡವರಿಗೆ ಪುಕ್ಕಟೆ. ವಾರ ಬಿಟ್ಟು ಬಂದರೆ ಇನ್ನೊಮ್ಮೆ ತಿದ್ದಿ ಕೊಡಬೇಕು, ಅದಕ್ಕೆ ರೊಕ್ಕ ಕೇಳಬಾರದು. ನೋವು ಹೋದ ಗಿರಾಕಿ ಹತ್ತು ಮಂದಿಗೆ ಹೇಳುತ್ತಾನೆ. ಪೇಪರಿನ ಜಾಹೀರಾತಿಗಿಂತ ಅದು ದೊಡ್ಡದು.

ಗಿರಾಕಿಗಳೂ ಒಂದು ಮಾತು ತಿಳಿಯಬೇಕು. ಇಪ್ಪತ್ತು ನಿಮಿಷದ ತಿಳಿವಳಿಕೆಗೆ ಕೂಲಿ ಇದೆ. ಕಟಿಂಗ್ ಮಾಡಿಸಿಕೊಂಡು ರೊಕ್ಕ ಕೊಡದೆ ಎದ್ದು ಬರುವವರುಂಟೇ? ಗ್ರೀಸು ಮೆತ್ತಿದ ಕೈಗೂ ವಿದ್ಯೆ ಇರುತ್ತದೆ ಎಂದು ಒಪ್ಪಲು ಇಷ್ಟು ಸಂಕೋಚವೇಕೆ?

ಎಚ್ಚರವೂ ಬೇಕು

ಹಾಗೆಂದು ಬೋರ್ಡು ಹಾಕಿದವರೆಲ್ಲ ಪಂಡಿತರಲ್ಲ. ಸೀಟಿನ ಪೈಪಿನ ಮೇಲೆ ‘ಇದಕ್ಕಿಂತ ಮೇಲೆ ಎತ್ತಬೇಡಿ’ ಎಂಬ ಗೆರೆ ಇರುತ್ತದೆ. ಅದನ್ನು ದಾಟಿಸಿ ಎತ್ತಿದರೆ ಪೈಪು ಮುರಿದು ಬಿದ್ದಾನು ಪಾಪದವ. ಫ್ರೇಮೇ ದೊಡ್ಡದಿದ್ದರೆ ಯಾವ ಪಾನಾದಿಂದಲೂ ಸರಿಯಾಗದು. 24 ಇಂಚಿನ ಫ್ರೇಮಿನ ಸೈಕಲ್ ಗಿಡ್ಡ ಆಳಿಗೆ ಸೀಟು ಪೂರ್ತಿ ಇಳಿಸಿದರೂ ಎತ್ತರವೇ. ಆಗ ‘ಈ ಸೈಕಲ್ ನಿಮಗಲ್ರೀ’ ಎಂದು ಹೇಳುವ ಪ್ರಾಮಾಣಿಕತೆ ಅಂಗಡಿಯವನಿಗಿರಬೇಕು. ವ್ಯಾಪಾರ ಒಂದು ಹೋದೀತು, ಹೆಸರು ಉಳಿಯುತ್ತದೆ. ಇನ್ನು ಮೊಣಕಾಲು ಬಾತಿದ್ದರೆ, ಹಳೆಯ ಪೆಟ್ಟು ಇದ್ದರೆ ಅದು ಪಾನಾದ ಕೆಲಸವಲ್ಲ, ಡಾಕ್ಟರ ಕೆಲಸ.

ಸರ್ಕಾರಕ್ಕೂ ಇದರಲ್ಲಿ ಪಾಠವಿದೆ. 2006-07ರಿಂದ ಎಷ್ಟೋ ವರ್ಷ ಎಂಟನೆಯ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಹಂಚಿದರು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲ್ ಮುಖ ನೋಡಲು ಅದು ನೆರವಾಯಿತು, ಆ ಪುಣ್ಯ ದೊಡ್ಡದು. ಆದರೆ ಎಂಟನೆಯ ತರಗತಿಯಲ್ಲಿ ನಾಲ್ಕೂಕಾಲು ಅಡಿಯ ಹುಡುಗಿಯೂ ಇರುತ್ತಾಳೆ, ಐದೂವರೆ ಅಡಿಯ ಹುಡುಗನೂ ಇರುತ್ತಾನೆ. ಸೈಕಲ್ ಮಾತ್ರ ಹೆಚ್ಚೂಕಡಿಮೆ ಒಂದೇ ಅಳತೆಯದು. ಹಿಂದೆ ಅಪ್ಪನ ಸೈಕಲ್ಲಿಗೆ ಒಳಪೆಡಲ್ ಹೊಡೆದು ಕಲಿತ ಮಕ್ಕಳ ಪಾಡು ಬೇರೆ, ಐದು ಕಿಲೋಮೀಟರ್ ದೂರದ ಶಾಲೆಗೆ ದಿನಾ ಹೋಗುವ ಮಗುವಿನ ಪಾಡು ಬೇರೆ. ಇಂಥ ಯೋಜನೆ ಮಾಡುವಾಗಲೆಲ್ಲ, ಸೈಕಲ್ಲಿಗೆ ಇಷ್ಟು ಎಂದು ಊರಿನ ಅಂಗಡಿಯವನಿಗೆ ಕೊಟ್ಟು, ಶಾಲೆಯ ಅಂಗಳದಲ್ಲೇ ಸೀಟು ಅಳೆಸಿ ಕೊಟ್ಟರೆ ಬೊಕ್ಕಸವೇನೂ ಬರಿದಾಗದು. ಮಗುವಿಗೂ ಸುಖ, ಅಂಗಡಿಗೂ ನಾಲ್ಕು ಕಾಸು.

ಗಾಂಧಿ ಚೌಕದಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಸಾಕು. ಮೊಣಕಾಲು ಹೊಟ್ಟೆಗೆ ತಾಗುವಂತೆ ತುಳಿಯುವವರು, ಬೆರಳ ತುದಿಯಿಂದ ಪೆಡಲ್ ಹುಡುಕುವವರು ಕಣ್ಣಿಗೆ ಬೀಳುತ್ತಾರೆ. ಅವರಲ್ಲಿ ಬಹುಪಾಲು ಜನರ ಕಷ್ಟಕ್ಕೆ ಮದ್ದು ಒಂದು ಪಾನಾ, ಒಂದು ಟೇಪು, ಇಪ್ಪತ್ತು ನಿಮಿಷ. ಊರಿನ ಸೈಕಲ್ ಅಂಗಡಿಕಾರರು ಮನಸ್ಸು ಮಾಡಲಿ. ಯಾರು ಮೊದಲು ಬೋರ್ಡು ಹಾಕುತ್ತಾರೋ ಗಿರಾಕಿ ಅವರ ಕಡೆಗೇ.