ಡಿಶ್ ರಿಚಾರ್ಜಿನ ತೆರಿಗೆಯಲ್ಲಿ ಧಾರವಾಡದ ಬಾನುಲಿಗೂ ಪಾಲು ಸಲ್ಲಬೇಕು

ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳ ಗ್ರಾಮಸ್ಥರ ಪರಾಮರ್ಶೆಗೆ

ಮನೆಯಲ್ಲಿ ರೇಡಿಯೊ ಅಥವಾ ದೂರದರ್ಶನ ಪೆಟ್ಟಿಗೆ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ, ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ, ಲೈಸೆನ್ಸ್ ಪುಸ್ತಕವನ್ನು ನವೀಕರಿಸಿಕೊಳ್ಳಬೇಕಾದ ಕಾಲವೊಂದಿತ್ತು. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ನಿಸ್ತಂತು ಕಾಯ್ದೆಗಳ ಬಲದಿಂದ ನಡೆದುಬಂದ ಈ ವಸೂಲಿಯು ಕೊನೆಯ ವರ್ಷಗಳಲ್ಲಿ ರೇಡಿಯೊಗೆ 15 ರೂಪಾಯಿ, ದೂರದರ್ಶನಕ್ಕೆ 50 ರೂಪಾಯಿಯಷ್ಟಿದ್ದು, 1980ರ ದಶಕದ ನಡುವಿನಲ್ಲಿ ರದ್ದಾಯಿತು. ಅಂದಿನಿಂದ ಆಕಾಶವಾಣಿಯೂ ದೂರದರ್ಶನವೂ ಪುಕ್ಕಟೆ ದೊರೆಯುತ್ತಿವೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿದೆಯಾದರೂ ಲೆಕ್ಕ ಹಾಗೆ ಹೇಳುವುದಿಲ್ಲ.

ಸಾರ್ವಜನಿಕ ಪ್ರಸಾರವೆಂದರೆ ಲಾಭಕ್ಕಾಗಿ ಅಲ್ಲದೆ ಜನರ ಹಣದಿಂದ ಜನರಿಗಾಗಿ ನಡೆಯುವ ಬಾನುಲಿ ಮತ್ತು ದೂರದರ್ಶನ ಸೇವೆ. ಭಾರತದಲ್ಲಿ ಈ ಹೊಣೆ, 1990ರ ಕಾಯ್ದೆಯಿಂದ ರೂಪುಗೊಂಡು 1997ರಲ್ಲಿ ಕಾರ್ಯಾರಂಭ ಮಾಡಿದ ಪ್ರಸಾರ ಭಾರತಿ ಎಂಬ ನಿಗಮದ್ದು. ಅದರ ವೆಚ್ಚದ ಬಹುಪಾಲು ಕೇಂದ್ರ ಸರ್ಕಾರದ ಅನುದಾನದಿಂದ, ಎಂದರೆ ಗೊಬ್ಬರ, ಬಟ್ಟೆ, ಸಾಬೂನು ಕೊಳ್ಳುವ ಎಲ್ಲರ ತೆರಿಗೆಯಿಂದ, ಭರ್ತಿಯಾಗುತ್ತದೆ. ಇದರ ಮೇಲೆ, ಖಾಸಗಿ ಡಿಶ್ ಅಥವಾ ಕೇಬಲ್ ಹಾಕಿಸಿಕೊಂಡ ಮನೆಯು ಪ್ರತಿ ರಿಚಾರ್ಜಿಗೂ ಪ್ರತಿಶತ 18ರಷ್ಟು ಸರಕು ಮತ್ತು ಸೇವಾ ತೆರಿಗೆಯನ್ನು ತೆರುತ್ತದೆ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಜಾರಿಗೆ ತಂದ ವ್ಯವಸ್ಥೆಯಲ್ಲಿ ಮೂಲ ಸಂಪರ್ಕ ಶುಲ್ಕದ ಮಿತಿ ತಿಂಗಳಿಗೆ 130 ರೂಪಾಯಿಯಾಗಿದ್ದು, ಆ ಮಿತಿಯಷ್ಟು ಕಟ್ಟಿದ ಮನೆಗೆ ತೆರಿಗೆಯೇ 23 ರೂಪಾಯಿ 40 ಪೈಸೆಯಾಗುತ್ತಿತ್ತು. ವರ್ಷಕ್ಕೆ 280 ರೂಪಾಯಿ 80 ಪೈಸೆ. ರೂಪಾಯಿಯ ಬೆಲೆ ಇಳಿದಿರುವುದು ನಿಜವಾದರೂ, ಲೈಸೆನ್ಸ್ ಹೋಯಿತೆಂದು ಹಿಗ್ಗುವವರು ಅದಕ್ಕಿಂತ ದೊಡ್ಡ ಮೊತ್ತವನ್ನು ಹೆಸರಿಲ್ಲದೆಯೇ ಕಟ್ಟುತ್ತಿದ್ದಾರೆ, ಮತ್ತು ಆ ಹಣದಲ್ಲಿ ಒಂದು ಪೈಸೆಯೂ ಸಾರ್ವಜನಿಕ ಪ್ರಸಾರಕ್ಕೆಂದು ಮೀಸಲಾಗಿಲ್ಲ.

ಹಾಗೆಂದು ಹಳೆಯ ಲೈಸೆನ್ಸನ್ನೇ ಮರಳಿ ತರಬೇಕೆಂಬ ವಾದ ಇಲ್ಲಿಯದಲ್ಲ. ನೂರು ಎಕರೆ ಎರೆಭೂಮಿಯ ಒಡೆಯನೂ ಅವನ ಹೊಲದಲ್ಲಿ ಕಳೆ ತೆಗೆಯುವ ಕೂಲಿಯವಳೂ ಪೆಟ್ಟಿಗೆಯೊಂದಕ್ಕೆ ಒಂದೇ ಶುಲ್ಕ ಕಟ್ಟುವ ಪದ್ಧತಿ ನ್ಯಾಯದ್ದಲ್ಲ. ಅದು ವ್ಯವಹಾರಕ್ಕೂ ಒಗ್ಗಲಿಲ್ಲ: 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಪ್ರಸಾರ ಆರಂಭಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು ಹತ್ತು ರೂಪಾಯಿಯ ಲೈಸೆನ್ಸಿನ ಪಾಲನ್ನು ನೆಚ್ಚಿಕೊಂಡು, ಕೇಳುಗರ ಸಂಖ್ಯೆ ಎಂಟು ಸಾವಿರವನ್ನೂ ಮುಟ್ಟದೆ, 1930ರಲ್ಲಿ ಮುಚ್ಚಿಹೋಯಿತು. ಬ್ರಿಟನ್ನಿನಲ್ಲಿ ಇಂದಿಗೂ ಲೈಸೆನ್ಸ್ ಉಳಿದಿದ್ದು, 2024ರಲ್ಲಿ ಅದು ವರ್ಷಕ್ಕೆ 169.50 ಪೌಂಡ್ ಇತ್ತು. ಬಡವರ ಮೇಲೆ ಅದು ಹೆಚ್ಚು ಭಾರವೆಂಬ ದೂರು ಅಲ್ಲಿಯೂ ತೀರಿಲ್ಲ. ಫ್ರಾನ್ಸ್ 2022ರಲ್ಲಿ ಲೈಸೆನ್ಸನ್ನು ರದ್ದುಪಡಿಸಿ, ನಮ್ಮ ಸರಕು ಮತ್ತು ಸೇವಾ ತೆರಿಗೆಯನ್ನು ಹೋಲುವ ಮೌಲ್ಯವರ್ಧಿತ ತೆರಿಗೆಯ ಒಂದು ಭಾಗವನ್ನು ಸಾರ್ವಜನಿಕ ಪ್ರಸಾರಕ್ಕೆ ಗೊತ್ತುಪಡಿಸಿತು. ಈ ಭಾಗದ ರೈತರಿಗೆ ಒಗ್ಗುವ ಮಾದರಿ ಇದೇ.

ಮೀಸಲು ಕೇಳುವ ಮುನ್ನ, ಆ ಹಣಕ್ಕೆ ದೊರೆಯುವುದೇನು ಎಂಬುದನ್ನು ನೋಡಬೇಕು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯು, ಈ ಜಿಲ್ಲೆ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದು, ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಾಗ, ಉತ್ತರದ ಕನ್ನಡಕ್ಕೆ ಧ್ವನಿಯಾಯಿತು. ದ. ರಾ. ಬೇಂದ್ರೆಯವರು ಅದರ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು, ಕಾದಂಬರಿಕಾರ ಎನ್ಕೆಯವರು ಅಲ್ಲಿಯೇ ದುಡಿದರು. ಸವಾಯಿ ಗಂಧರ್ವರ ಕುಂದಗೋಳದಿಂದ ಬೆಳೆದುಬಂದ ಗಾಯನ ಪರಂಪರೆ ಟಿಕೆಟ್ ಕೊಳ್ಳಲಾಗದವರ ಮನೆಯನ್ನೂ ತಲುಪಿದ್ದು ಬಾನುಲಿಯಿಂದಲೇ. ಧಾರವಾಡದಿಂದ ಬರುವ ಪ್ರದೇಶ ಸಮಾಚಾರ, ಕೃಷಿ ವಿಶ್ವವಿದ್ಯಾಲಯದ ತಜ್ಞರು ಪಾಲ್ಗೊಳ್ಳುವ ರೈತರ ಕಾರ್ಯಕ್ರಮಗಳು, ಜನಪದ ಗಾಯನ ಇವೆಲ್ಲ ಜಾಹೀರಾತುದಾರನಿಗೆ ಬೇಡವಾದ ಸರಕುಗಳು. ಹೆಸರಿನ ಕಾಯಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದೀತೇ, ಬೆಣ್ಣೆಹಳ್ಳ ಉಕ್ಕೀತೇ ಎಂಬುದು ನವಲಗುಂದಕ್ಕೆ ಜೀವನ್ಮರಣದ ಪ್ರಶ್ನೆ. ರಾಜ್ಯವಿಡೀ ನೋಡುಗರನ್ನು ಎಣಿಸುವ ಖಾಸಗಿ ವಾಹಿನಿಗೆ ಅದು, ಊರು ಮುಳುಗಿದ ಮೇಲಷ್ಟೇ ಸುದ್ದಿ.

ಈ ಸೇವೆ ಇಂದು ಕುಂದಿದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ದೂರದರ್ಶನದ ಭೂಮಿಯ ಮೇಲಿನ ಮರುಪ್ರಸಾರ ಕೇಂದ್ರಗಳು ಬಹುತೇಕ ಮುಚ್ಚಿದ್ದರಿಂದ, ಮಾಳಿಗೆಯ ಮೇಲಿನ ಹಳೆಯ ಆಂಟೆನಾಕ್ಕೆ ಈಗ ಚಂದನ ವಾಹಿನಿ ಸಿಗುವುದಿಲ್ಲ. ಮಾಸಿಕ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ ಬಡವರಿಗೆ ವರವೆನ್ನಬಹುದು, ಆದರೆ ಅದರ ಜಾಗಗಳನ್ನು ಖಾಸಗಿ ವಾಹಿನಿಗಳಿಗೆ ಹರಾಜಿನಲ್ಲಿ ಕೊಡುವುದರಿಂದ ಹೆಚ್ಚು ಬೆಲೆ ಕೂಗುವ ಹಿಂದಿ ವಾಹಿನಿಗಳೇ ಅಲ್ಲಿ ತುಂಬಿವೆ. ಪುಕ್ಕಟೆ ಡಿಶ್ಶಿನಲ್ಲಿ ಬೇಕಾದಷ್ಟು ಕನ್ನಡ ಸಿಗದ ಕಲಘಟಗಿಯ ಮನೆ ಮತ್ತೆ ರಿಚಾರ್ಜಿನ ಡಿಶ್ಶಿಗೇ ಮರಳುತ್ತದೆ. ಅನುದಾನ ಕೊಡುವವರು ದಿಲ್ಲಿಯಲ್ಲಿರುವ ತನಕ ಸುದ್ದಿಯ ಮುಖವೂ ದಿಲ್ಲಿಯತ್ತಲೇ ತಿರುಗಿರುತ್ತದೆ, ಅದು ಯಾವ ಪಕ್ಷದ ಸರ್ಕಾರವಾದರೂ ಸರಿಯೇ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತೆಂದು ಹೇಳಿದ ಮೇಲೂ ಆ ಸ್ವತ್ತಿನ ಆಯವ್ಯಯವನ್ನು ಕೇಳುಗರಿಗೆ ಯಾರೂ ಒಪ್ಪಿಸಿಲ್ಲ. ಸೇವೆ ಕುಂದಿದೆಯೆಂದು ಹಣ ನಿಲ್ಲಿಸಿದರೆ ಅದು ಮತ್ತಷ್ಟು ಕುಂದೀತೇ ಹೊರತು ಚೇತರಿಸಿಕೊಳ್ಳದು.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪ್ರಸಾರ ಭಾರತಿ ಕಾಯ್ದೆಯು, ಲೈಸೆನ್ಸ್ ಶುಲ್ಕವೇನಾದರೂ ವಸೂಲಾದಲ್ಲಿ ವಸೂಲಿ ವೆಚ್ಚ ಕಳೆದು ಉಳಿದದ್ದನ್ನು ಸಂಸತ್ತಿನ ಮಂಜೂರಾತಿಯ ಮೇಲೆ ನಿಗಮಕ್ಕೆ ಕೊಡಬೇಕೆಂದು ಹೇಳುತ್ತದೆ. ಲೈಸೆನ್ಸ್ ರದ್ದಾದ ಮೇಲೆ ಬಂದ ಕಾಯ್ದೆಯಲ್ಲೂ ಈ ಮಾತು ಇರುವುದರಿಂದ, ಪ್ರಸಾರಕ್ಕೆಂದೇ ಹಣ ಗೊತ್ತುಪಡಿಸುವ ಕಲ್ಪನೆ ಶಾಸನಕ್ಕೆ ಹೊಸದಲ್ಲ.

ಆದ್ದರಿಂದ ನಾಲ್ಕೂ ತಾಲ್ಲೂಕುಗಳ ಗ್ರಾಮಸಭೆಗಳು ಮುಂದಿನ ಸಭೆಯಲ್ಲಿ ಹೀಗೊಂದು ಠರಾವು ಮಾಡಬೇಕು: ಡಿಶ್ ಮತ್ತು ಕೇಬಲ್ ತೆರಿಗೆಯ ನಿಶ್ಚಿತ ಪಾಲು ಸಾರ್ವಜನಿಕ ಪ್ರಸಾರಕ್ಕೆ ಮೀಸಲಾಗಲಿ, ಅದರಲ್ಲಿ ಧಾರವಾಡ ಕೇಂದ್ರದ ಸ್ಥಳೀಯ ಕಾರ್ಯಕ್ರಮಗಳ ಹಣವನ್ನು ಬೇರೆಡೆಗೆ ತಿರುಗಿಸದಿರಲಿ, ಆ ಕೇಂದ್ರದ ವಾರ್ಷಿಕ ಲೆಕ್ಕ ಕನ್ನಡದಲ್ಲಿ ಪ್ರಕಟವಾಗಿ ಪ್ರತಿ ಗ್ರಾಮ ಪಂಚಾಯತಿಗೂ ತಲುಪಲಿ. ಠರಾವಿನ ಒಂದು ಪ್ರತಿ ಧಾರವಾಡದ ಲೋಕಸಭಾ ಸದಸ್ಯರಿಗೂ ಇನ್ನೊಂದು ಪ್ರಸಾರ ಭಾರತಿಗೂ ಹೋಗಬೇಕು; ತೆರಿಗೆಯ ಅರ್ಧ ರಾಜ್ಯಕ್ಕೂ ಸೇರುವುದರಿಂದ ಮೂರನೆಯ ಪ್ರತಿಯನ್ನು ಕ್ಷೇತ್ರದ ಶಾಸಕರಿಗೆ ಕಳುಹಿಸುವುದನ್ನು ಮರೆಯಬಾರದು.