ಬೇಡ ಅಂದಮೇಲೂ ಬಡಿಸುವವರು

2018ರ ಮೇ 25. ಬೆಂಗಳೂರಿನ ಬಹಳಷ್ಟು ಸಾಫ್ಟ್‌ವೇರ್ ಮಂದಿಗೆ ಈ ದಿನಾಂಕ ಇನ್ನೂ ಬಾಯಿಪಾಠ. ಐರೋಪ್ಯ ಒಕ್ಕೂಟದ ಜಿಡಿಪಿಆರ್ ಅನ್ನೋ ಮಾಹಿತಿ ರಕ್ಷಣೆಯ ಕಾನೂನು ಜಾರಿಗೆ ಬಂದ ದಿನ ಅದು. ಅದಕ್ಕೆ ಮುಂಚಿನ ಕೆಲವು ತಿಂಗಳು ನಮ್ಮ ಟೀಮು ಹಗಲು ರಾತ್ರಿ ಕೂತು ಒಂದೇ ಕೆಲಸ ಮಾಡಿತು. ಜರ್ಮನಿಯಲ್ಲೋ ಸ್ಪೇನಿನಲ್ಲೋ ಇರುವ ಗ್ರಾಹಕ 'ನನ್ನ ಮಾಹಿತಿ ಅಳಿಸಿ' ಅಂದರೆ, ಅದು ಎಲ್ಲೆಲ್ಲಿ ಅಡಗಿದೆ ಅಂತ ಹುಡುಕಿ ಅಳಿಸುವ ಕೋಡ್ ಬರೆಯೋದು. ತಪ್ಪಿದರೆ ಕಂಪನಿಯ ಜಾಗತಿಕ ವಹಿವಾಟಿನ ಶೇ 4ರವರೆಗೂ ದಂಡ ಬೀಳಬಹುದಿತ್ತು. ಕಾನೂನೇನೋ ಒಳ್ಳೆಯದೇ. ದೊಡ್ಡ ದೊಡ್ಡ ಕಂಪನಿಗಳ ಕಿವಿ ಹಿಂಡಿದ ಕಾನೂನು.

ಒಂದು ಸಂಜೆ ಟೀ ಕುಡಿಯುವಾಗ ಜೊತೆಯವನೊಬ್ಬ ಕೇಳಿದ: "ಇದನ್ನ ಮಾಡಿದೋರು ಯಾರು ಮಾರಾಯ? ನಮಗಂತೂ ಅಲ್ಲಿ ವೋಟಿಲ್ಲ, ಬಿಡು. ಅಲ್ಲಿನ ಜನಕ್ಕಾದ್ರೂ ಇವರನ್ನ ಕುರ್ಚಿಯಿಂದ ಇಳಿಸೋ ವೋಟು ಇದೆಯಾ?" ನಾನು ದೊಡ್ಡದಾಗಿ "ಇಲ್ಲದೆ ಏನು, ಅವರದ್ದೇ ಪಾರ್ಲಿಮೆಂಟ್ ಇದೆ" ಅಂದುಬಿಟ್ಟೆ. ಆಮೇಲೆ ಓದುತ್ತಾ ಹೋದ ಹಾಗೆ ನನ್ನ ಉತ್ತರ ಅರ್ಧ ಸತ್ಯ ಅಂತ ಗೊತ್ತಾಯಿತು. ಉಳಿದ ಅರ್ಧಕ್ಕೆ ಈ ಬರಹ.

ಒಕ್ಕೂಟದ ಬಗ್ಗೆ ನಮ್ಮಲ್ಲಿ ಎರಡು ಥರದ ಮಾತು ಕೇಳಿಸುತ್ತದೆ. ಪ್ರಾಜೆಕ್ಟಿಗೆ ಅಂತ ಹೋಗಿ ಬಂದವರು "ಗಡಿ ಇಲ್ಲ, ಚೆಕ್‌ಪೋಸ್ಟ್ ಇಲ್ಲ, ಒಂದೇ ದುಡ್ಡು, ನೋಡಿ ಕಲೀಬೇಕು" ಅಂತಾರೆ. ಬ್ರೆಕ್ಸಿಟ್ ಭಾಷಣ ಕೇಳಿದವರು "ಬ್ರಸೆಲ್ಸ್‌ನ ಗುಮಾಸ್ತರ ಸರ್ವಾಧಿಕಾರ" ಅಂತಾರೆ. ಎರಡನ್ನೂ ನಾನು ಒಪ್ಪಲ್ಲ. ಎರಡು ಮಹಾಯುದ್ಧದಲ್ಲಿ ಪರಸ್ಪರ ಕೊಂದುಕೊಂಡ ದೇಶಗಳು 1957ರ ರೋಮ್ ಒಪ್ಪಂದದಿಂದ ಶುರುಮಾಡಿ ಇವತ್ತು 27 ದೇಶಗಳಾಗಿ ಒಂದೇ ಮೇಜಿನ ಸುತ್ತ ಕೂತಿವೆ. ಅದನ್ನ ಹಗುರವಾಗಿ ತಗೊಳ್ಳೋನು ಮೂರ್ಖ. ಆದರೆ ಒಂದು ವ್ಯವಸ್ಥೆ ಪ್ರಜಾಪ್ರಭುತ್ವವೋ ಅಲ್ಲವೋ ಅಂತ ತಿಳಿಯೋಕೆ ನನ್ನ ಹತ್ತಿರ ಇರೋದು ಒಂದೇ ಅಳತೆಗೋಲು: ಜನ 'ಬೇಡ' ಅಂದಾಗ ಏನಾಗುತ್ತೆ? 'ಹೌದು' ಅಂದಾಗ ಎಲ್ಲ ದೊರೆಗಳೂ ಜನರ ಮಾತು ಕೇಳ್ತಾರೆ.

ಮೊದಲು ಮನೆಯ ಕಟ್ಟಡ ನೋಡೋಣ. ಕಾನೂನಿನ ಕರಡು ಮಂಡಿಸುವ ಹಕ್ಕು ಹೆಚ್ಚುಕಡಿಮೆ ಪೂರ್ತಿ ಯುರೋಪಿಯನ್ ಕಮಿಷನ್ನಿನದು. ಅಲ್ಲಿ ದೇಶಕ್ಕೊಬ್ಬ ಕಮಿಷನರ್. ಇವರನ್ನು ಹೆಸರಿಸೋದು ಆಯಾ ಸರ್ಕಾರ, ಒಪ್ಪೋದು ಪಾರ್ಲಿಮೆಂಟು. 1979ರಿಂದ ಜನರೇ ನೇರವಾಗಿ ಆರಿಸುವ ಆ ಪಾರ್ಲಿಮೆಂಟು ಕರಡನ್ನು ತಿದ್ದಬಹುದು, ತಿರಸ್ಕರಿಸಬಹುದು, ಆದರೆ ತಾನಾಗಿ ಒಂದು ಮಸೂದೆ ತರುವಂತಿಲ್ಲ, ಕಮಿಷನ್ನನ್ನು ಕೇಳಿಕೊಳ್ಳಬಹುದು ಅಷ್ಟೆ. ನಮ್ಮ ಲೋಕಸಭೆಯ ಹಿಂದಿನ ಬೆಂಚಿನ ಸದಸ್ಯನೂ ಒಂದು ಖಾಸಗಿ ಮಸೂದೆ ಮಂಡಿಸಬಲ್ಲ, ಪಾಸಾಗೋ ಮಾತು ಬೇರೆ.

ಇನ್ನು ಮಂತ್ರಿಗಳ ಕೌನ್ಸಿಲ್. ಒಕ್ಕೂಟದ ವಕೀಲರು ಯಾವಾಗಲೂ ತೋರಿಸೋದು ಇದನ್ನೇ: ಅಲ್ಲಿ ಕೂರೋರೆಲ್ಲ ತಮ್ಮ ತಮ್ಮ ದೇಶದಲ್ಲಿ ಚುನಾಯಿತ ಸರ್ಕಾರದವರೇ ತಾನೇ? ಹೌದು. ನಮ್ಮೂರಲ್ಲೂ ಒಂದು ಒಕ್ಕೂಟ ಇದೆ, ಹಾಲಿಂದು. ಊರಿನ ಡೈರಿಗೆ ಹಾಲು ಹಾಕೋರು ನಿರ್ದೇಶಕರನ್ನ ಆರಿಸ್ತಾರೆ, ಡೈರಿಗಳು ಸೇರಿ ಜಿಲ್ಲಾ ಒಕ್ಕೂಟದ ಆಡಳಿತ ಮಂಡಳಿ ಆರಿಸ್ತವೆ, ಅದರ ಮೇಲೆ ಮಹಾಮಂಡಳ. ಕಾಗದದ ಮೇಲೆ ಎಲ್ಲರೂ ಚುನಾಯಿತರೇ. ಆದರೂ ಲೀಟರಿನ ರೇಟು ಇಳಿದ ಬೆಳಗ್ಗೆ ಅಪ್ಪ ಕ್ಯಾನು ಹಿಡಿದು ಕೇಳಿದರೆ ಸಿಗುತ್ತಿದ್ದ ಉತ್ತರ ಒಂದೇ: "ನಮ್ಮದೇನೂ ಇಲ್ಲ ಗೌಡ್ರೇ, ಒಕ್ಕೂಟದೋರು ಮಾಡಿದ್ದು." ಎಲ್ಲರನ್ನೂ ಜನರೇ ಆರಿಸಿದ್ದಾರೆ, ಉತ್ತರ ಕೊಡೋನು ಮಾತ್ರ ಯಾರೂ ಇಲ್ಲ. ಯುರೋಪಿನ ಮಂತ್ರಿಗಳು ಬ್ರಸೆಲ್ಸ್‌ನಿಂದ ಮನೆಗೆ ಬಂದು ಆಡೋ ಮಾತೂ ಇದೇ. ಒಳ್ಳೆಯದಾದರೆ "ನಾನು ತಂದೆ", ಕೆಟ್ಟದಾದರೆ "ಬ್ರಸೆಲ್ಸ್ ಹೇಳಿತು". ಕಾನೂನಿನ ಅಂತಿಮ ರೂಪ ತಯಾರಾಗೋದಂತೂ ಹೆಚ್ಚಾಗಿ ಕಮಿಷನ್, ಕೌನ್ಸಿಲ್, ಪಾರ್ಲಿಮೆಂಟಿನ ಪ್ರತಿನಿಧಿಗಳು ಬಾಗಿಲು ಹಾಕಿಕೊಂಡು ನಡೆಸುವ ತ್ರಿಪಕ್ಷೀಯ ಮಾತುಕತೆಯಲ್ಲಿ.

ಚುನಾವಣೆಯ ಫಲಿತಾಂಶಕ್ಕಾದರೂ ಬೆಲೆ ಇದೆಯಾ? 2014ರಲ್ಲಿ ಒಂದು ಒಳ್ಳೆಯ ಸಂಪ್ರದಾಯ ಶುರುವಾಗಿತ್ತು. ಪ್ರತಿ ಪಕ್ಷಕೂಟವೂ ಮೊದಲೇ ಒಬ್ಬರನ್ನು ಕಮಿಷನ್ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಅಂತ ಘೋಷಿಸಿ ಜನರ ಮುಂದೆ ಹೋಯಿತು. 2019ರಲ್ಲಿ ಹೆಚ್ಚು ಸೀಟು ಗೆದ್ದ ಕೂಟದ ಅಭ್ಯರ್ಥಿ ಮ್ಯಾನ್‌ಫ್ರೆಡ್ ವೇಬರ್. ದೇಶಗಳ ನಾಯಕರು ಕೋಣೆಯೊಳಗೆ ಕೂತು ಆರಿಸಿದ್ದು ಉರ್ಸುಲಾ ಫಾನ್ ಡೆರ್ ಲೈಯೆನ್ ಅವರನ್ನು. ಆ ಚುನಾವಣೆಯಲ್ಲಿ ಅವರು ಯಾರ ಅಭ್ಯರ್ಥಿಯೂ ಆಗಿರಲಿಲ್ಲ! ಪಾರ್ಲಿಮೆಂಟು 383 ಮತಗಳಿಂದ ಒಪ್ಪಿಕೊಂಡಿತು. ಬೇಕಿದ್ದದ್ದು 374. ಅವರು ಸಮರ್ಥರಲ್ಲ ಅಂತಲ್ಲ. ಆದರೆ ಜನರ ಮುಂದೆ ಒಂದು ಪಟ್ಟಿ ಹಿಡಿದು, ಮತ ಹಾಕಿದ ಮೇಲೆ ಪಟ್ಟಿಯಲ್ಲೇ ಇಲ್ಲದ ಹೆಸರು ಓದೋದಾದರೆ ಪಟ್ಟಿ ಯಾಕೆ ಬೇಕಿತ್ತು?

ಈಗ 'ಬೇಡ'ದ ಲೆಕ್ಕಕ್ಕೆ ಬರ್ತೀನಿ. ನಮ್ಮ ಕಡೆ ಮದುವೆ ಊಟದಲ್ಲಿ ಬಡಿಸೋರಿಗೆ 'ಬೇಡ' ಅನ್ನೋ ಪದ ಕೇಳಿಸಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಪಾಯಸ ಬಿಡ್ತಾರೆ. ಅದು ಪ್ರೀತಿ. ರಾಜ್ಯಭಾರದಲ್ಲಿ ಹಾಗೆ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ. 1992ರ ಜೂನ್‌ನಲ್ಲಿ ಡೆನ್ಮಾರ್ಕಿನ ಜನ ಮಾಸ್ಟ್ರಿಕ್ಟ್ ಒಪ್ಪಂದ ಬೇಡ ಅಂದರು. ಮರುವರ್ಷ ಮತ್ತೆ ಕೇಳಿದರು. 2001ರಲ್ಲಿ ಐರ್ಲೆಂಡ್ ನೀಸ್ ಒಪ್ಪಂದ ಬೇಡ ಅಂತು. ಮರುವರ್ಷ ಮತ್ತೆ ಕೇಳಿದರು. 2008ರಲ್ಲಿ ಅದೇ ಐರ್ಲೆಂಡ್ ಶೇ 53ಕ್ಕೂ ಹೆಚ್ಚು ಮತದಿಂದ ಲಿಸ್ಬನ್ ಒಪ್ಪಂದ ಬೇಡ ಅಂತು. 2009ರಲ್ಲಿ ಮತ್ತೆ ಕೇಳಿದರು. ಪ್ರತಿ ಸಲವೂ ಎರಡನೇ ಬಾರಿಗೆ 'ಹೌದು' ಬಂತು, ಪ್ರತಿ ಸಲವೂ 'ಹೌದು' ಬಂದ ಕೂಡಲೇ ಕೇಳೋದು ನಿಂತಿತು. ನಡುವೆ ಭರವಸೆ, ವಿನಾಯಿತಿ ಕೊಟ್ಟಿದ್ದರು, ಸುಳ್ಳಲ್ಲ. ಆದರೆ ಲಿಸ್ಬನ್ ಒಪ್ಪಂದದ ಪಠ್ಯದಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

ಫ್ರಾನ್ಸಿನ ಕಥೆ ಇದಕ್ಕಿಂತ ಖಾರ. 2005ರ ಮೇ 29ರಂದು ಫ್ರೆಂಚರು ಸುಮಾರು ಶೇ 55ರಷ್ಟು ಮತದಿಂದ ಯುರೋಪಿನ ಹೊಸ ಸಂವಿಧಾನವನ್ನು ತಿರಸ್ಕರಿಸಿದರು. ಮೂರೇ ದಿನಕ್ಕೆ ನೆದರ್ಲೆಂಡ್ಸ್ ಶೇ 61ಕ್ಕೂ ಹೆಚ್ಚು ಮತದಿಂದ ತಿರಸ್ಕರಿಸಿತು. ಸಂವಿಧಾನ ಅನ್ನೋ ಹಣೆಪಟ್ಟಿ ಕಿತ್ತರು, ಧ್ವಜ ಗೀತೆಗಳ ಪ್ರಸ್ತಾಪ ತೆಗೆದರು, ಒಳಗಿನ ಸರಕಿನ ಬಹುಪಾಲನ್ನು ಲಿಸ್ಬನ್ ಒಪ್ಪಂದ ಅಂತ ಹೊಸದಾಗಿ ಕಟ್ಟಿದರು. ಸಂವಿಧಾನದ ಕರಡು ಮಾಡಿದ ಸಭೆಯ ಅಧ್ಯಕ್ಷರಾಗಿದ್ದ ಜಿಸ್ಕಾರ್ ದೆಸ್ತಾಂ ಅವರೇ, ಉಪಕರಣಗಳೆಲ್ಲ ಅವೇ, ಪೆಟ್ಟಿಗೆಯಲ್ಲಿ ಜೋಡಿಸಿದ ಕ್ರಮ ಮಾತ್ರ ಬೇರೆ ಅನ್ನೋ ಅರ್ಥದಲ್ಲಿ 2007ರಲ್ಲಿ ಬರೆದರು. ಈ ಸಲ ಫ್ರಾನ್ಸಿನಲ್ಲೂ ನೆದರ್ಲೆಂಡ್ಸಿನಲ್ಲೂ ಜನರನ್ನು ಕೇಳಲೇ ಇಲ್ಲ, ಸಂಸತ್ತಿನಲ್ಲಿ ಪಾಸು ಮಾಡಿಸಿಕೊಂಡರು. ಕಾನೂನು ಪ್ರಕಾರ ಎಲ್ಲ ಸರಿ. ಆದರೆ ಜನಮತಗಣನೆ ಮಾಡಿ ಸೋತವರು, ಅದೇ ಪ್ರಶ್ನೆಗೆ ಜನಮತಗಣನೆ ತಪ್ಪಿಸಿ ಗೆಲ್ಲೋದನ್ನ ಹಳ್ಳಿಯ ಯಾವ ಪಂಚಾಯ್ತಿ ಕಟ್ಟೆಯಲ್ಲೂ ನ್ಯಾಯ ಅನ್ನಲ್ಲ.

ಗ್ರೀಸಿನದು ಇನ್ನೊಂದು ಮಜಲು. 2011ರ ಕೊನೆಯಲ್ಲಿ ಪ್ರಧಾನಿ ಪಪಾಂಡ್ರೂ, ಸಾಲದ ಷರತ್ತುಗಳ ಬಗ್ಗೆ ಜನರನ್ನೇ ಕೇಳ್ತೀನಿ ಅಂದರು. ಕೆಲವೇ ದಿನದಲ್ಲಿ ಆ ಮಾತು ವಾಪಸು, ಅವರು ರಾಜೀನಾಮೆ, ಅವರ ಜಾಗಕ್ಕೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಮಾಜಿ ಉಪಾಧ್ಯಕ್ಷರು. 2015ರ ಜುಲೈ 5ರಂದು ಕೊನೆಗೂ ಜನಮತಗಣನೆ ನಡೆಯಿತು. ಬ್ಯಾಂಕುಗಳು ಮುಚ್ಚಿದ್ದವು, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. ಅಂಥ ಸ್ಥಿತಿಯಲ್ಲೂ ಶೇ 61 ಮಂದಿ 'ಬೇಡ' ಅಂದರು. ಎಂಟೇ ದಿನಕ್ಕೆ, ಜುಲೈ 13ರ ಬೆಳಗ್ಗೆ, ಅದೇ ಸರ್ಕಾರ ಇನ್ನೂ ಬಿಗಿಯಾದ ಷರತ್ತುಗಳಿಗೆ ತಲೆಬಾಗಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಇದೆ, ಅದನ್ನ ಮುಚ್ಚಿಡಲ್ಲ. ಸಾಲ ಕೊಟ್ಟ ಬೇರೆ ದೇಶಗಳಲ್ಲೂ ಮತದಾರರಿದ್ದಾರಲ್ಲ? ಗ್ರೀಕರು 'ಬೇಡ' ಅಂದಮಾತ್ರಕ್ಕೆ ಸ್ಲೊವಾಕಿಯಾದ ತೆರಿಗೆದಾರ ದುಡ್ಡು ಬಿಟ್ಟುಕೊಡಬೇಕಾ? ನ್ಯಾಯವಾದ ಪ್ರಶ್ನೆ. ಖಂಡಿತ ಬಿಟ್ಟುಕೊಡಬೇಕಿಲ್ಲ. ಆದರೆ ಹಾಗಿದ್ದರೆ ಆ 19 ಜನಸಮೂಹಗಳ ಜಗಳ ಎಲ್ಲರ ಕಣ್ಣೆದುರು, ಉತ್ತರ ಕೊಡಬೇಕಾದ ಒಂದು ಸಭೆಯಲ್ಲಿ ತೀರ್ಮಾನ ಆಗಬೇಕಿತ್ತು. ಆ ಚೌಕಾಸಿಯ ಬಹುಪಾಲು ನಡೆದದ್ದು ಯೂರೋಗ್ರೂಪಿನಲ್ಲಿ. ಹಣಕಾಸು ಮಂತ್ರಿಗಳ ಆ ಕೂಟ ಅನೌಪಚಾರಿಕವಾಗಿ ಸೇರುವಂಥದ್ದು ಅಂತ ಒಪ್ಪಂದದ ಅನುಬಂಧವೇ ಹೇಳುತ್ತದೆ. ಒಂದು ದೇಶದ ಪಿಂಚಣಿ ಎಷ್ಟು ಕಡಿತ ಆಗಬೇಕು ಅಂತ ಅನೌಪಚಾರಿಕ ಸಭೆ ಹೇಳುತ್ತೆ ಅಂದ್ರೆ ಏನರ್ಥ?

ಹಾಗಂತ ಒಕ್ಕೂಟಕ್ಕೆ 'ಬೇಡ' ಕೇಳಿಸೋದೇ ಇಲ್ಲವಾ? ಕೇಳಿಸುತ್ತೆ. 2000ದಲ್ಲಿ ಡೆನ್ಮಾರ್ಕಿನ ಜನ, 2003ರಲ್ಲಿ ಸ್ವೀಡನ್ನಿನ ಜನ ಯೂರೋ ಬೇಡ ಅಂದರು. ಇವತ್ತಿಗೂ ಅಲ್ಲಿ ಕ್ರೋನವೇ ಓಡ್ತಿದೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ಇಲ್ಲೇ ಇದೆ ಸಾರ್ವಭೌಮತ್ವದ ಗುಟ್ಟು. ತನ್ನ ನಾಣ್ಯ ತನ್ನ ಕೈಯಲ್ಲಿಟ್ಟುಕೊಂಡವನ 'ಬೇಡ'ಕ್ಕೆ ಬೆಲೆ ಸಿಕ್ಕಿತು. ತಿಜೋರಿ ಕೀಲಿಯನ್ನು ಫ್ರಾಂಕ್‌ಫರ್ಟಿನ ಬ್ಯಾಂಕಿಗೆ ಕೊಟ್ಟ ಗ್ರೀಸಿನ 'ಬೇಡ' ಎಂಟು ದಿನ ಬಾಳಿತು. ಧ್ವಜ, ರಾಷ್ಟ್ರಗೀತೆ, ಪಾರ್ಲಿಮೆಂಟು ಎಲ್ಲ ಅಥೆನ್ಸಿನಲ್ಲೇ ಇದ್ದವು.

ಸಾರ್ವಭೌಮತ್ವವನ್ನು ಹಂಚಿಕೊಳ್ಳೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಕೇಳಿ, ಒಪ್ಪಿಸಿ, ಹಂಚಿಕೊಳ್ಳಲಿ. ಆದರೆ ಹಂಚಿಕೆ ಯಾವಾಗಲೂ ಹಾಗೆ ಆಗಿಲ್ಲ. ಒಕ್ಕೂಟದ ಕಾನೂನು ದೇಶದ ಕಾನೂನಿಗಿಂತ ಮೇಲು ಅನ್ನೋ ತತ್ವ ರೋಮ್ ಒಪ್ಪಂದದಲ್ಲಿ ಎಲ್ಲೂ ಬರೆದಿರಲಿಲ್ಲ. ಮಿಲಾನಿನ ವಕೀಲ ಕೋಸ್ತಾ ಒಂದು ಸಣ್ಣ ಕರೆಂಟ್ ಬಿಲ್ ಕಟ್ಟಲ್ಲ ಅಂತ ಹಠ ಹಿಡಿದ ಪ್ರಕರಣದಲ್ಲಿ, 1964ರಲ್ಲಿ, ಲಕ್ಸೆಂಬರ್ಗಿನ ನ್ಯಾಯಾಲಯ ಅದನ್ನು ಸಾರಿತು. ತರ್ಕ ಸರಿಯೇ ಇರಬಹುದು: ಒಂದೊಂದು ದೇಶ ಒಂದೊಂದು ಥರ ನಡೆದುಕೊಂಡರೆ ಒಪ್ಪಂದಕ್ಕೆ ಅರ್ಥವಿಲ್ಲ. ಆದರೆ ಇಷ್ಟು ದೊಡ್ಡ ಮಾತನ್ನು ಜನರನ್ನು ಕೇಳಿ ಹೇಳಬೇಕಿತ್ತು.

"ಇಷ್ಟವಿಲ್ಲದಿದ್ದರೆ ಹೊರಗೆ ಹೋಗಲಿ, ಬ್ರಿಟನ್ ಹೋಗಲಿಲ್ವಾ?" ಅಂತ ಕೆಲವರು ಕೇಳ್ತಾರೆ. ಹೋಯಿತು. 2016ರ ಜೂನ್ 23ರಂದು ಶೇ 51.9 ಮತದಿಂದ ತೀರ್ಮಾನಿಸಿ, 2020ರ ಜನವರಿ 31ರಂದು ಹೊರಬಿತ್ತು. ಯಾರೂ ಸೈನ್ಯ ಕಳಿಸಲಿಲ್ಲ. ಒಕ್ಕೂಟ ಸರ್ವಾಧಿಕಾರ ಅಲ್ಲ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಬಾಗಿಲು ತೆರೆದಿದೆ ಅನ್ನೋದು ಮನೆಯೊಳಗೆ ನ್ಯಾಯ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಅವಿಭಕ್ತ ಕುಟುಂಬದಲ್ಲಿ ತಮ್ಮನಿಗೆ ಯಜಮಾನನ ಮಾತು ಕೇಳೋದು, ಇಲ್ಲಾ ಪಾಲು ತಗೊಂಡು ನಡೆಯೋದು, ಇವೆರಡೇ ದಾರಿ ಇದ್ದರೆ ಆ ಮನೆ ಒಂದಲ್ಲ ಒಂದು ದಿನ ಒಡೆಯುತ್ತೆ. ನಮ್ಮೂರಲ್ಲಿ ಹಾಗೆ ಒಡೆದ ಮನೆಗಳನ್ನ ಕಂಡಿದ್ದೀನಿ. ನಡುವೆ ಗೋಡೆ ಎದ್ದ ಮೇಲೆ ಎರಡು ಕಡೆಯೂ ಬಡವಾಗಿತ್ತು.

ಆದ್ದರಿಂದ ಒಕ್ಕೂಟವನ್ನು ಪ್ರೀತಿಸುವವರೇ ಮೊದಲು ಜಗಳ ತೆಗೀಬೇಕು. ಪಾರ್ಲಿಮೆಂಟಿಗೆ ಮಸೂದೆ ತರುವ ಹಕ್ಕು ಕೊಡಿ. ಜನರ ಮುಂದೆ ಹೋದವರಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿ. ತ್ರಿಪಕ್ಷೀಯ ಮಾತುಕತೆಯ, ಯೂರೋಗ್ರೂಪಿನ ಬಾಗಿಲು ತೆಗೆದು, ಯಾವ ಮಂತ್ರಿ ಏನು ಕೇಳಿದ ಅನ್ನೋದು ಅವನ ಊರಿನವರಿಗೆ ಗೊತ್ತಾಗಲಿ. ಒಂದು ದೇಶ ಹೊಸ ಒಪ್ಪಂದ ಬೇಡ ಅಂದರೆ ಒಪ್ಪುವವರು ಮುಂದೆ ಹೋಗಲಿ, ಬೇಡ ಅಂದವರು ಇದ್ದಲ್ಲೇ ಮರ್ಯಾದೆಯಿಂದ ಇರಲಿ. ಡೆನ್ಮಾರ್ಕಿಗೆ ಸಾಧ್ಯವಾದದ್ದು ಉಳಿದವರಿಗೆ ಯಾಕೆ ಆಗಲ್ಲ?

ನಾವು ಬರೆದ ಆ ಕೋಡ್ ಇವತ್ತಿಗೂ ಓಡ್ತಿದೆ. ಯುರೋಪಿನ ಒಬ್ಬ ಸಾಮಾನ್ಯ ಮನುಷ್ಯ 'ನನ್ನ ಮಾಹಿತಿ ನಿಮ್ಮ ಹತ್ತಿರ ಇರೋದು ಬೇಡ' ಅಂದರೆ ಕಂಪನಿ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. "ಮುಂದಿನ ವರ್ಷ ಇನ್ನೊಂದ್ಸಲ ಯೋಚನೆ ಮಾಡಿ ಹೇಳಿ" ಅನ್ನೋ ಹಾಗಿಲ್ಲ. ಕಂಪನಿಗಳಿಗೆ ಈ ಪಾಠ ಕಲಿಸಿದ ಒಕ್ಕೂಟ ಅದನ್ನ ತಾನೂ ಒಂದ್ಸಲ ಓದಿಕೊಳ್ಳಲಿ.